ಗ್ಯೋಟೋಕುವಿನ ಇಬ್ಬರು ರಾಮಪ್ರಸಾದರು

ಜಪಾನಿನ ಯಾವ ಕಚೇರಿಗೆ ಹೋದರೂ ಅರ್ಜಿ ಬರೆಯುವ ಮೇಜಿನ ಮೇಲೆ ಒಂದು ಮಾದರಿ ಅರ್ಜಿ ಅಂಟಿಸಿರುತ್ತಾರೆ. ಅದನ್ನು ತುಂಬಿದವನು ಈ ಭೂಮಿಯ ಮೇಲೆ ಹುಟ್ಟಿಯೇ ಇಲ್ಲದ ಮನುಷ್ಯ. ಎಷ್ಟೋ ಕಡೆ ಊರ ಹೆಸರನ್ನೇ ಮನೆತನದ ಹೆಸರು ಮಾಡಿ, ಮುಂದಕ್ಕೆ ತಾರೋ ಎಂದೋ ಹನಾಕೊ ಎಂದೋ ಜೋಡಿಸಿರುತ್ತಾರೆ. ಆ ತಾರೋನಿಗೆ ಹುಟ್ಟಿದ ತಾರೀಖುಂಟು, ಮನೆ ವಿಳಾಸವುಂಟು, ಹೆಂಡತಿ ಮಕ್ಕಳುಂಟು. ಇಲ್ಲದ್ದು ಜೀವ ಒಂದೇ. ಹನ್ನೊಂದು ವರ್ಷದ ಹಿಂದೆ ಗ್ಯೋಟೋಕುವಿಗೆ ಬಂದಿಳಿದ ಹೊಸತರಲ್ಲಿ ಚಂದ್ರಪ್ರಭಾ ಅವನನ್ನು ನಿಜವಾದ ಆಸಾಮಿ ಎಂದೇ ತಿಳಿದಿದ್ದಳು.

“ಯಾರ್ರೀ ಇವನು, ಬ್ಯಾಂಕಲ್ಲೂ ಇವನೇ, ಸಿಟಿ ಆಫೀಸಲ್ಲೂ ಇವನೇ?” ಎಂದು ಗಂಡ ಗಿರಿಧರನನ್ನು ಕೇಳಿದ್ದಳು.

“ಸ್ಯಾಂಪಲ್ ಕಣೇ ಅವನು. ನಿನ್ ಥರ ನೂರೆಂಟು ಡೌಟ್ ಕೇಳಲ್ಲ, ಸುಮ್ನೆ ಫಾರಂ ತುಂಬ್ತಾನೆ” ಎಂದು ಅವನು ನಕ್ಕಿದ್ದ.

ಚಂದ್ರಪ್ರಭಾ ಮೈಸೂರಿನ ಸರಸ್ವತಿಪುರದವಳು. ಬಿಕಾಂ ಓದಿ, ಒಂದು ಸಹಕಾರ ಬ್ಯಾಂಕಿನಲ್ಲಿ ನಾಲ್ಕು ವರ್ಷ ಕೂತು, ಮೂವತ್ತನೆಯ ವಯಸ್ಸಿಗೆ ಗಂಡನ ಕಂಪನಿ ಕೆಲಸದ ಬೆನ್ನು ಹಿಡಿದು ಇಲ್ಲಿಗೆ ಬಂದವಳು. ಬಂದ ಮೂರನೆಯ ವಾರಕ್ಕೇ ನೆಲ ನಡುಗಿತು. ಒಲೆಯ ಮುಂದೆ ಒಗ್ಗರಣೆ ಸೌಟು ಹಿಡಿದು ನಿಂತಿದ್ದಳು; ಹಸು ನೊಣಕ್ಕೆ ಮೈ ಕೊಡವುವ ಹಾಗೆ ಗೋಡೆ ಎಂಬ ಗೋಡೆಯೆಲ್ಲ ಒಮ್ಮೆ ಕೊಡವಿತು. ಪಕ್ಕದ ಮನೆಯ ಮುದುಕಿ ಟಿವಿಯ ಮುಂದಿನಿಂದ ಎದ್ದೂ ಇರಲಿಲ್ಲ. ಇವಳು ಬರಿಗಾಲಿನಲ್ಲಿ ನಾಲ್ಕು ಅಂತಸ್ತು ಇಳಿದು, ಎಣ್ಣೆ ತೊಟ್ಟಿಕ್ಕುವ ಸೌಟು ಹಿಡಿದೇ ಬೀದಿಯಲ್ಲಿ ನಿಂತಿದ್ದಳು.

ಅವತ್ತು ಒಳಹೊಕ್ಕ ಅಂಜಿಕೆ ಮತ್ತೆ ಹೊರಗೆ ಹೋಗಲಿಲ್ಲ. ಎರಡು ವರ್ಷದ ಮೇಲೆ ಮಗಳು ಹುಟ್ಟಿದ ಬಳಿಕ ಮಂಚದ ಕೆಳಗೆ ಮೂವರ ಚಪ್ಪಲಿ, ಬಾಗಿಲ ಹಿಂದೆ ನೀರಿನ ಬಾಟಲಿ, ಟಾರ್ಚು, ಅವಲಕ್ಕಿ ತುಂಬಿದ ಚೀಲ. ಸ್ನಾನಕ್ಕೆ ಹೋದರೂ ಬಾಗಿಲ ಚಿಲಕ ಹಾಕುತ್ತಿರಲಿಲ್ಲ. ಆದರೆ ಅದೇ ಅಂಜಿಕೆ ಅವಳಿಗೆ ಭಾಷೆಯನ್ನೂ ಕಲಿಸಿತು. ಭೂಕಂಪದ ಹೊತ್ತಿಗೆ ಬೀದಿಯ ಧ್ವನಿವರ್ಧಕದಲ್ಲಿ ಏನು ಹೇಳುತ್ತಾರೆ ಎನ್ನುವುದು ತಿಳಿಯದಿದ್ದರೆ ಒಂದು ದಿನ ಮಗುವನ್ನು ಎತ್ತಿಕೊಂಡು ಓಡಲೂ ಆಗುವುದಿಲ್ಲವೆಂದು ವಾರಕ್ಕೆರಡು ದಿನ ತರಗತಿಗೆ ಹೋದಳು. ಐದಾರು ವರ್ಷದಲ್ಲಿ ಆ ಸುತ್ತಿನ ಕನ್ನಡದವರು, ತೆಲುಗಿನವರು, ಹಿಂದಿಯವರು ಎಲ್ಲ ಅರ್ಜಿ ಹಿಡಿದು ಅವಳ ಬಾಗಿಲಿಗೇ ಬರತೊಡಗಿದರು. ಎರಡನೆಯ ಅಂತಸ್ತಿನ ಹರ್ಷಿತಾ ಅವಳಿಗೆ ‘ಫಾರಂ ಅಕ್ಕ’ ಎಂದು ಹೆಸರಿಟ್ಟಳು. ಜಪಾನಿನವರಿಗೆ ಅವಳು ಗಿರಿಧರ್-ಸಾನ್, ಅಂದರೆ ಗಿರಿಧರ್ ಅವರು. ಪಾಸ್‌ಪೋರ್ಟಿನಲ್ಲಿ ಹೆಸರಿನ ಹಿಂದೆ ಗಂಡನ ಹೆಸರು ಇದ್ದದ್ದರಿಂದ ಅದೇ ಮನೆತನದ ಹೆಸರಾಗಿ ಕೂತಿತ್ತು.

ಬಂದ ಹನ್ನೊಂದನೆಯ ವರ್ಷ ಜುಲೈ ತಿಂಗಳಲ್ಲಿ ವಸತಿ ಸಮುಚ್ಚಯದ ಸಂಘದ ಅಧ್ಯಕ್ಷ ಕುಸಾನೊ-ಸಾನ್ ಒಂದು ಹಾಳೆ ಹಿಡಿದು ಮನೆಗೆ ಬಂದರು. ರೈಲ್ವೆ ಸಿಗ್ನಲ್ಲಿನಲ್ಲಿ ನಲವತ್ತು ವರ್ಷ ದುಡಿದ ಮನುಷ್ಯ; ನಿಮಿಷ ತಪ್ಪಿದರೆ ಪ್ರಾಣ ಹೋಗುತ್ತದೆ ಎನ್ನುವುದು ಅವರ ಮೈಗೆ ಹತ್ತಿದ ಅಭ್ಯಾಸ. ಸೆಪ್ಟೆಂಬರಿನಲ್ಲಿ ಭೂಕಂಪದ ತಾಲೀಮು ಇತ್ತು. ತಾಲೀಮಿಗೆ ಗಾಯಾಳುಗಳು ಬೇಕು, ಕಾಣೆಯಾದವರು ಬೇಕು, ಸತ್ತವನೊಬ್ಬನೂ ಬೇಕು. ಇವರೆಲ್ಲ ಕಾಗದದ ಮೇಲಿನ ಜನ. ಹಿಂದಿನ ವರ್ಷ ತಾವೇ ಕಟ್ಟಿದ ಒಂದು ಹೆಸರು ಮೂರನೆಯ ಬ್ಲಾಕಿನ ಜೀವಂತ ಮುದುಕರೊಬ್ಬರದ್ದಾಗಿ, ಅವರು ಆರು ತಿಂಗಳು ಮುಖ ಕೊಟ್ಟು ಮಾತಾಡಿರಲಿಲ್ಲವಂತೆ.

“ಈ ಸಲ ಒಬ್ಬ ಭಾರತೀಯರು ಇರಲಿ. ಅರ್ಧ ಬ್ಲಾಕು ನೀವೇ ಇದ್ದೀರಿ. ಆದರೆ ನಮ್ಮ ಸಮುಚ್ಚಯದಲ್ಲಿ ಯಾರಿಗೂ ಇಲ್ಲದ ಹೆಸರು ಬೇಕು, ಗಿರಿಧರ್-ಸಾನ್. ದಯವಿಟ್ಟು” ಎಂದು ಸೊಂಟದ ತನಕ ಬಾಗಿ ಹಾಳೆ ಕೊಟ್ಟು ಹೋದರು.

ಚಂದ್ರಪ್ರಭಾ ಪೆನ್ನು ಹಿಡಿದು ಕೂತಳು. ಅಭಿಷೇಕ ಎನ್ನೋಣವೆಂದರೆ ಏಳನೆಯ ಅಂತಸ್ತಿನಲ್ಲಿ ಒಬ್ಬನಿದ್ದ. ದಿನೇಶ ಎಂದರೆ ಹರ್ಷಿತಾಳ ಗಂಡ. ಮೋಹಿತ್ ಇಬ್ಬರು. ಎಲ್ಲ ಹೆಸರಿಗೂ ಒಬ್ಬೊಬ್ಬ ಮನುಷ್ಯ ಕೂತಿದ್ದ. ಇಲ್ಲದ್ದೆಂದರೆ ಹಳೆಯ ಕಾಲದ ಹೆಸರು, ಯಾಕೆಂದರೆ ಸಮುಚ್ಚಯದಲ್ಲಿ ಭಾರತದ ವಯಸ್ಸಾದವರು ಒಬ್ಬರೂ ಇರಲಿಲ್ಲ. ಅದೇ ಮೇಜಿನ ಮೇಲೆ, ಅವಳ ಮೊಣಕೈಯ ಪಕ್ಕದಲ್ಲೇ ಮಾವನವರ ವೀಸಾ ಕಾಗದಗಳು ಹರಡಿದ್ದವು. ಏನೋ ಸರಿಯಿಲ್ಲವೆಂದು ಎರಡನೆಯ ಸಲ ವಾಪಸು ಬಂದಿದ್ದವು. ಈ ವರ್ಷ ಅವರು ಬರುವುದು ಸುಳ್ಳು ಎಂದು ಗಂಡಹೆಂಡಿರು ಕೈ ಚೆಲ್ಲಿದ್ದರು. ಅವಳು ಆ ಕಾಗದ ನೋಡಿ ಈ ಹಾಳೆಗೆ ಇಳಿಸಿದಳು. ಹೆಸರು: ರಾಮಪ್ರಸಾದ. ವಯಸ್ಸು: ಎಪ್ಪತ್ತೊಂದು. ಕಾಯಿಲೆ: ಸಕ್ಕರೆ. ಜಪಾನೀ ಭಾಷೆ: ಬಾರದು. ಕುಟುಂಬದವರು ಎಂಬ ಕಡೆ, ತಾಲೀಮಿನಲ್ಲಿ ಇವನನ್ನು ಕೇಳಿಕೊಂಡು ಇನ್ನೊಬ್ಬರು ಬರುವ ತೊಡಕು ಬೇಡವೆಂದು, ‘ಯಾರೂ ಇಲ್ಲ’ ಎಂದು ಬರೆದಳು. ಕೊನೆಯ ಸಾಲಿನಲ್ಲಿ ಗಾಯಾಳುವಿನ ಕೈಗೆ ಕಟ್ಟುವ ಚೀಟಿಯ ಬಣ್ಣ ಕೇಳಿದ್ದರು. ಹಸಿರು ಸಣ್ಣ ಗಾಯಕ್ಕೆ, ಹಳದಿ ದೊಡ್ಡದಕ್ಕೆ, ಕೆಂಪು ಪ್ರಾಣಾಪಾಯಕ್ಕೆ, ಕಪ್ಪು ಇನ್ನು ಉಳಿಸಲಾಗದವನಿಗೆ. ಕಪ್ಪು ಚೀಟಿ ಕಟ್ಟಿಸಿಕೊಂಡವನನ್ನು ಒಂದು ಮೂಲೆಗೆ ಸರಿಸಿ ಉಳಿದವರನ್ನು ನೋಡಬೇಕು. ಆ ಕಲ್ಲೆದೆಯನ್ನು ಕಲಿಯುವುದಕ್ಕೇ ತಾಲೀಮು. ಯಾರೂ ಇಲ್ಲದವನಿಗೆ ಕಪ್ಪೇ ಸರಿಯೆಂದು ಕುಸಾನೊ-ಸಾನ್ ಫೋನಿನಲ್ಲಿ ಹೇಳಿದರು. ಅವಳು ಕಪ್ಪಿಗೆ ಗುರುತು ಹಾಕಿದಳು.

ಮಾವನ ಹೆಸರನ್ನು ಅವಳು ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಹಾಗಂತ ಅವಳ ತಾಯಿ ಕಲಿಸಿದ್ದರು. ಬರೆಯಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರಿನ ತಾಲೀಮು ಬಿರುಗಾಳಿಯಿಂದ ತಪ್ಪಿ ನವೆಂಬರಿನ ಮೊದಲ ಭಾನುವಾರಕ್ಕೆ ಹೋಯಿತು. ಅಷ್ಟರಲ್ಲಿ ಸತ್ತೇಹೋಯಿತೆಂದುಕೊಂಡಿದ್ದ ವೀಸಾ ಎದ್ದು ಕೂತು, ಅಕ್ಟೋಬರಿನ ನಡುವೆ ಮಾವನವರು ನರಿತಾ ವಿಮಾನ ನಿಲ್ದಾಣದಲ್ಲಿ ಇಳಿದರು. ಬಿಳಿ ಕ್ಯಾನ್ವಾಸ್ ಷೂ, ಎದೆ ಮುಂದೆ, ಹೆಜ್ಜೆ ಅಳೆದಂತೆ. ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಗ್ಯೋಟೋಕುವಿನ ಶಾಲೆಯ ಮೈದಾನ ನೋಡಿದ ಮೊದಲ ದಿನವೇ, “ಲೈನು ಅಂದ್ರೆ ಇದಮ್ಮ. ನಮ್ ಹುಡುಗ್ರು ಸುಣ್ಣ ಹಾಕಿದ್ರೂ ಲೈನಿಗೆ ನಿಲ್ತಿರ್ಲಿಲ್ಲ” ಎಂದು ತಲೆದೂಗಿದ್ದರು. ಎದುರಾದವರಿಗೆಲ್ಲ ಚಂದ್ರಪ್ರಭಾ ಅವರನ್ನು ‘ಗಂಡನ ತಂದೆ’ ಎಂದು ಪರಿಚಯ ಮಾಡಿಸಿದಳು. ಕುಸಾನೊ-ಸಾನರಿಗೂ ಹಾಗೆಯೇ. ಹೆಸರು ಅವಳ ಬಾಯಿಗೆ ಬರಲೇ ಇಲ್ಲ. ಹಾಗಾಗಿ ಆ ಕಾಗದದ ಮನುಷ್ಯನನ್ನೂ ಈ ಮನುಷ್ಯರನ್ನೂ ಒಟ್ಟಿಗೆ ನೆನೆಯುವ ಪ್ರಸಂಗವೇ ಯಾರಿಗೂ ಬರಲಿಲ್ಲ. ಅವಳಿಗೂ ಮರೆತಿತ್ತು. ದಾರಿ ತಪ್ಪಿದರೆ ಇರಲಿ ಎಂದು ಮಾವನವರಿಗೆ ಒಂದೇ ಒಂದು ಜಪಾನೀ ವಾಕ್ಯವನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದಳು: “ವತಾಶಿ ವಾ ರಾಮಪ್ರಸಾದ ದೆಸು.” ನನ್ನ ಹೆಸರು ರಾಮಪ್ರಸಾದ.

ಆ ಭಾನುವಾರ ಗಿರಿಧರ್ ಕಂಪನಿ ಕೆಲಸಕ್ಕೆ ಒಸಾಕಾದಲ್ಲಿದ್ದ. ಹಿಂದಿನ ದಿನ ಏಕಾದಶಿ; ಮಾವನವರು ಬರೀ ಹಾಲು, ಎರಡು ಬಾಳೆಹಣ್ಣಿನಲ್ಲಿ ದಿನ ಕಳೆದಿದ್ದರು. ಬೆಳಿಗ್ಗೆ ಏಳು ಗಂಟೆಗೆ ಚಂದ್ರಪ್ರಭಾ ಎದ್ದು ನೋಡಿದಾಗ ಅವರ ಷೂ ಜಾಗದಲ್ಲಿರಲಿಲ್ಲ. ವಾಕಿಂಗು. ಏಳೂವರೆಯಾಯಿತು, ಎಂಟಾಯಿತು. ದ್ವಾದಶಿಯ ಪಾರಣೆಗೆಂದು ಮಾಡಿದ ಉಪ್ಪಿಟ್ಟು ಬಾಣಲೆಯಲ್ಲಿ ಆರಿತು.

“ತಾತ ಇನ್ನೂ ಬಂದಿಲ್ವೇನೇ?” ಎಂದು ಮಗಳು ಅಮೂಲ್ಯಳನ್ನು ಕೇಳಿದಳು.

ಒಂಬತ್ತು ವರ್ಷದ ಅಮೂಲ್ಯ ತಾಲೀಮಿನ ಹಳದಿ ಟೋಪಿ ಹುಡುಕುತ್ತ ಜಪಾನಿಯಲ್ಲೇ “ಗೊತ್ತಿಲ್ಲ” ಎಂದಳು. ಆಮೇಲೆ, “ಟ್ಯಾಬ್ಲೆಟ್ ತಗೊಂಡು ಹೋದ್ರು, ಐ ಸಾ” ಎಂದು ಸೇರಿಸಿದಳು.

ಚಂದ್ರಪ್ರಭಾ ಕಪಾಟಿನ ಮೇಲಿನ ಮಾತ್ರೆ ಡಬ್ಬಿ ತೆಗೆದಳು. ಭಾನುವಾರದ ಗೂಡು ಖಾಲಿ. ತಿಂಡಿಗೆ ಮುಂಚೆ ನುಂಗುವ ಸಕ್ಕರೆ ಮಾತ್ರೆ ಅದು. ನುಂಗಿದ ಅರ್ಧ ಗಂಟೆಯಲ್ಲಿ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಬೇಗ ಬಂದು ಪಾರಣೆ ಮಾಡೋಣವೆಂದು ಮೊದಲೇ ನುಂಗಿ ಹೊರಟಿದ್ದರು. ನಿನ್ನೆಯಿಂದ ಉಪವಾಸದ ಹೊಟ್ಟೆ. ಅವರ ಫೋನು ಹಾಸಿಗೆಯ ಪಕ್ಕದಲ್ಲಿ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು.

ಅಮೂಲ್ಯಳನ್ನು ತಾಲೀಮಿಗೆ ಕಳಿಸಿ ಅವಳು ಚಪ್ಪಲಿ ಮೆಟ್ಟಿದಳು.

ಹೊಳೆಯ ದಂಡೆಗೆ ಓಡಿದಳು. ಎಡೋಗಾವಾ ಹೊಳೆ ಬೂದಿ ಬಣ್ಣಕ್ಕೆ ತುಂಬಿ ಹರಿಯುತ್ತಿತ್ತು. ಮೀನು ಹಿಡಿಯುವ ಇಬ್ಬರು ಕೂತಿದ್ದರು. ಬಿಳಿ ಷೂ, ಎತ್ತರದ ಮುದುಕರು, ಭಾರತದವರು, ನೋಡಿದಿರಾ? ಇಲ್ಲ. ಸ್ಟೇಷನ್ನಿನ ಮುಂದೆ ಇಲ್ಲ. ಕೊಂಬಿನಿ ಅಂಗಡಿಯೊಳಗೆ ಇಲ್ಲ. ಪೊಲೀಸರ ಪುಟ್ಟ ಚೌಕಿಯಲ್ಲಿ ಖಾಲಿ ಕುರ್ಚಿ, ತಾಲೀಮಿನ ಮೈದಾನಕ್ಕೆ ಹೋಗಿದ್ದೇವೆ ಎಂಬ ಫಲಕ. ಒಸಾಕಾಕ್ಕೆ ಫೋನು ಹಚ್ಚಿದಳು.

“ಎಷ್ಟೊತ್ತಾಯ್ತು?” ಗಿರಿಧರನ ದನಿ ಒಮ್ಮೆಗೇ ಇಳಿಯಿತು.

“ಎರಡೂವರೆ ಗಂಟೆ ಮೇಲಾಯ್ತು ರೀ. ಮಾತ್ರೆ ತಗೊಂಡಿದ್ದಾರೆ, ಏನೂ ತಿಂದಿಲ್ಲ.”

“ಅಪ್ಪಂಗೆ ಷುಗರ್ ಲೋ ಆದ್ರೆ ಮಾತೇ ಬರಲ್ಲ ಪ್ರಭಾ. ಹೋದ್ಸಲ ಮೈಸೂರಲ್ಲಿ ಕುಡ್ದಿದ್ದಾರೆ ಅಂತ ಆಟೋದವ್ನು ಬಿಟ್ಟು ಹೋಗಿದ್ದ. ತಾಲೀಮಲ್ಲಿ ಪೊಲೀಸ್ರು, ಫೈರ್‌ನವ್ರು ಎಲ್ಲಾ ಇರ್ತಾರಲ್ಲ, ಅಲ್ಲಿಗೆ ಓಡು.”

ತಾಲೀಮು ನಡೆಯುತ್ತಿದ್ದ ಉದ್ಯಾನದ ಬಯಲಿನಲ್ಲಿ ಅಷ್ಟು ಹೊತ್ತಿಗೆ ಜನ ಇರುವೆಯ ಸಾಲಿನಂತೆ ಓಡಾಡುತ್ತಿದ್ದರು. ಧ್ವನಿವರ್ಧಕ ಪ್ರತಿ ಮಾತಿಗೆ ಮುಂಚೆ ‘ಕುನ್ರೆನ್, ಕುನ್ರೆನ್’ ಎನ್ನುತ್ತಿತ್ತು: ತಾಲೀಮು, ತಾಲೀಮು. ಕೇಳಿದವರು ಬೆದರಬಾರದು ಎಂದು. ತಾಲೀಮು, ತಾಲೀಮು, ಎರಡನೆಯ ಬ್ಲಾಕಿಗೆ ಬೆಂಕಿ. ತಾಲೀಮು, ತಾಲೀಮು, ಒಬ್ಬರ ಕಾಲು ಮುರಿದಿದೆ. ದೊಡ್ಡ ಕಡಾಯಿಯಲ್ಲಿ ಸಾರು ಕಲಕುತ್ತಿದ್ದ ಹರ್ಷಿತಾ ದೂರದಿಂದಲೇ ಕೂಗಿದಳು: “ಫಾರಂ ಅಕ್ಕ, ಈಗ ಬರೋದಾ? ಭೂಕಂಪ ಆಗಿ ಅರ್ಧ ಗಂಟೆ ಆಯ್ತು, ನೀವೂ ಕಾಣೆಯಾದೋರ ಲಿಸ್ಟಿಗೆ ಸೇರಿದ್ರಿ.” ಚಂದ್ರಪ್ರಭಾ ಅವಳ ಕಡೆ ನೋಡದೆ ಕುಸಾನೊ-ಸಾನರ ಡೇರೆಯೊಳಕ್ಕೆ ನುಗ್ಗಿದಳು.

“ಸುಮಿಮಾಸೆನ್, ಕ್ಷಮಿಸಿ, ತೊಂದರೆ ಕೊಡುತ್ತಿದ್ದೇನೆ. ನನ್ನ ಮಾವ ಬೆಳಿಗ್ಗೆಯಿಂದ ಕಾಣಿಸುತ್ತಿಲ್ಲ.”

ಕುಸಾನೊ-ಸಾನ್ ಎದ್ದು ನಿಂತರು. ನಲವತ್ತು ವರ್ಷ ಸಿಗ್ನಲ್ ಕಾದ ಕಣ್ಣು ಚುರುಕಾಯಿತು. ಪೆನ್ಸಿಲ್ ತೆಗೆದುಕೊಂಡರು. “ವಯಸ್ಸು?”

“ಎಪ್ಪತ್ತೊಂದು. ಸಕ್ಕರೆ ಕಾಯಿಲೆ ಇದೆ. ಜಪಾನೀ ಬರುವುದಿಲ್ಲ.”

“ಹೆಸರು?”

ಅವಳ ನಾಲಿಗೆ ಒಳಗೇ ಮಡಚಿಕೊಂಡಿತು. ಹದಿನಾಲ್ಕು ವರ್ಷ ಮುಚ್ಚಿದ್ದ ಬಾಗಿಲನ್ನು ಭುಜ ಕೊಟ್ಟು ನೂಕಿದ ಹಾಗೆ ಆ ನಾಲ್ಕಾರು ಅಕ್ಷರಗಳನ್ನು ಹೊರಗೆ ತಂದಳು. “ರಾಮಪ್ರಸಾದ.”

ಪೆನ್ಸಿಲ್ ನಿಂತಿತು. ಅವರ ಮುಖದ ಬಿಗಿಯೆಲ್ಲ ಸಡಿಲಿತು. ಮೆಚ್ಚುಗೆಯ ನಗೆಯೊಂದು ಮೆಲ್ಲಗೆ ಹರಡಿತು. ತಿರುಗಿ ಹಿಂದಿನ ಬೋರ್ಡು ತೋರಿಸಿದರು. ಅಲ್ಲಿ ಕಾಣೆಯಾದವರ ಪಟ್ಟಿಯ ಮೂರನೆಯ ಸಾಲಿನಲ್ಲಿ ಅದೇ ಹೆಸರು, ಅದೇ ವಯಸ್ಸು, ಅದೇ ಕಾಯಿಲೆ.

“ಅದ್ಭುತ, ಗಿರಿಧರ್-ಸಾನ್. ಒಂದು ಕ್ಷಣ ನಾನೇ ನಂಬಿಬಿಟ್ಟೆ. ಆದರೆ ಇವರಿಗೆ ಕುಟುಂಬ ಇಲ್ಲವೆಂದು ನೀವೇ ಬರೆದಿದ್ದಿರಿ, ಅಲ್ಲವೇ?”

ಸುತ್ತಲಿದ್ದ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು.

ಆಗ ಅವಳಿಗೆ ಜುಲೈ ತಿಂಗಳ ಮೇಜು ಕಣ್ಣಿಗೆ ಕಟ್ಟಿತು. ಬೋರ್ಡಿನ ಮಾತುಗಳು ಅವಳವೇ. ‘ಯಾರೂ ಇಲ್ಲ’ ಎನ್ನುವುದೂ ಅವಳದೇ. ಸಾಲಿನ ಕೊನೆಯಲ್ಲಿ ಒಂದು ಕಪ್ಪು ಚುಕ್ಕೆ. ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಇದು ಬರೀ ಹೆಸರಿನ ಗೊಂದಲ ಎಂದು ತಲೆ ಹೇಳುತ್ತಿತ್ತು. ಬದುಕಿರುವವರ ಹೆಸರನ್ನು ಸಾವಿನ ಪಟ್ಟಿಗೆ ಸೇರಿಸಿದ ಕೈ ನಿನ್ನದು ಎಂದು ಎದೆ ಹೇಳುತ್ತಿತ್ತು.

“ಇಲ್ಲ, ಸುಮಿಮಾಸೆನ್, ಇದು ಬೇರೆ. ಸುಮಿಮಾಸೆನ್, ನಿಜವಾದ…” ಎಂದು ತೊದಲಿದಳು. ಹನ್ನೊಂದು ವರ್ಷ ಕಲಿತ ನಯದ ಭಾಷೆ ಆ ಹೊತ್ತಿಗೆ ಕೈಕೊಟ್ಟಿತು. ಕ್ಷಮೆ ಕೇಳಿ ಕೇಳಿ ಹೇಳಿದ ಮಾತು ಯಾರ ಕಿವಿಗೂ ಬೆಂಕಿಯಾಗಿ ತಾಗಲಿಲ್ಲ. ಅಷ್ಟರಲ್ಲಿ ಮೇಜಿನ ಮೇಲಿನ ವಾಕಿಟಾಕಿ ಗೊರಗೊರ ಎಂದಿತು: ತಾಲೀಮು, ತಾಲೀಮು. ರಾಮಪ್ರಸಾದ-ಸಾನ್ ಪತ್ತೆ. ಉದ್ಯಾನದ ಮರಳ ಗುಂಡಿ. ಉಸಿರಿಲ್ಲ.

ತಾಲೀಮು ಎಂದದ್ದು ಕಿವಿಗೆ ಬಿದ್ದರೂ ಅವಳ ಕಾಲು ಕೇಳಲಿಲ್ಲ, ಓಡಿತು. ಮುರಿದ ಮನೆಯೆಂದು ಪೇರಿಸಿಟ್ಟ ಹಲಗೆಗಳ ನಡುವೆ, ಕಂದು ಕಂಬಳಿಯ ಕೆಳಗೆ ಯಾರೋ ಉದ್ದಕ್ಕೆ ಮಲಗಿದ್ದರು. ಮುಖದ ಮೇಲೆ ಬಟ್ಟೆ. ಎದೆಗೆ ಪಿನ್ನು ಚುಚ್ಚಿದ ಚೀಟಿಯಲ್ಲಿ ರಾಮಪ್ರಸಾದ ಎಂದಿತ್ತು. ಹೆಲ್ಮೆಟ್ಟಿನ ಇಬ್ಬರು ಅವಳಿಗೆ ದಾರಿ ಬಿಟ್ಟು ಗಂಭೀರವಾಗಿ ತಲೆ ಬಾಗಿಸಿದರು, ತಾಲೀಮಿನಲ್ಲಿ ಬಂಧುಗಳಿಗೆ ಹಾಗೆ ಮಾಡಬೇಕೆಂದು ಹೇಳಿಕೊಟ್ಟಿದ್ದರು. ಚಂದ್ರಪ್ರಭಾ ಮೊಣಕಾಲೂರಿ ಬಟ್ಟೆ ಎತ್ತಿದಳು.

ರಬ್ಬರಿನ ಗೊಂಬೆ. ಬಾಯಿ ಅರ್ಧ ತೆರೆದು ಆಕಾಶ ನೋಡುತ್ತಿತ್ತು.

ಅವಳು ನಗಲಿಲ್ಲ, ಅಳಲೂ ಇಲ್ಲ. ಬಟ್ಟೆಯನ್ನು ಮತ್ತೆ ಹೊದಿಸಿ, ಕೈ ಮರಳಿಗೆ ಒರೆಸಿಕೊಂಡು, ಡೇರೆಗೆ ಬಂದಳು. ಅಲ್ಲಿ ಕುಸಾನೊ-ಸಾನ್ ವಾಕಿಟಾಕಿಗೆ ಗದರುತ್ತಿದ್ದರು.

“ಇನ್ನೊಂದು ಸಲ ಹೇಳಿ, ಮಿಯಾಜಿ-ಸಾನ್. ರಾಮಪ್ರಸಾದ-ಸಾನ್ ಇಲ್ಲಿ ಉದ್ಯಾನದಲ್ಲಿದ್ದಾರೆ. ನಿಮ್ಮ ಹತ್ತಿರ ಹೇಗೆ ಬರುತ್ತಾರೆ?”

ಶಾಲೆಯ ಜಿಮ್ನಾಸಿಯಮ್ಮಿನಲ್ಲಿ ಪ್ರಥಮ ಚಿಕಿತ್ಸೆಯ ತಂಡ ನೋಡಿಕೊಳ್ಳುತ್ತಿದ್ದ ಮಿಯಾಜಿ-ಸಾನ್ ಎಂಬ ಹೆಂಗಸಿನ ದನಿ ಬಂತು: “ನಮ್ಮ ಪಟ್ಟಿಯಲ್ಲಿ ಆಗಲೇ ಸೇರಿದ್ದಾರೆ. ಕಪ್ಪು ಚೀಟಿ ಕಟ್ಟಿ ಮೂಲೆಗೆ ಸರಿಸಿದ್ದೇವೆ.”

“ಎರಡು ಸಲ ಬರೆದಿದ್ದೀರಿ. ಒಂದನ್ನು ಹೊಡೆದುಹಾಕಿ” ಎಂದು ಕುಸಾನೊ-ಸಾನ್ ಬೇಸರದಿಂದ ರೂಲುದೊಣ್ಣೆ ಇಟ್ಟು, ತಮ್ಮ ಹಾಳೆಯ ಒಂದು ಸಾಲಿನ ಮೇಲೆ ನೆಟ್ಟಗೆ ಗೆರೆ ಎಳೆದರು.

ಚಂದ್ರಪ್ರಭಾ ಆ ಪೆನ್ಸಿಲ್ಲನ್ನು ಅವರ ಕೈಯಿಂದ ಕಿತ್ತುಕೊಂಡಳು. ಹಿರಿಯರ ಕೈಯಿಂದ ಕಿತ್ತುಕೊಳ್ಳುವುದು ಆ ದೇಶದಲ್ಲಿ ಇರಲಿ, ಅವಳ ಜನ್ಮದಲ್ಲೇ ಇಲ್ಲದ ಕೆಲಸ.

“ಕುನ್ರೆನ್ ಅಲ್ಲ” ಎಂದಳು. ಈ ಸಲ ಸುಮಿಮಾಸೆನ್ ಇರಲಿಲ್ಲ. “ಹೊನ್ಮೋನೊ, ನಿಜದ್ದು. ಅಲ್ಲಿ ಮಲಗಿರುವವರು ನಿಜವಾದ ಮನುಷ್ಯ. ನನ್ನ ಗಂಡನ ತಂದೆ. ಹೆಸರು ಬರೆದ ತಪ್ಪು ನನ್ನದು. ಆಂಬುಲೆನ್ಸ್ ಕಳಿಸಿ.”

ಕುಸಾನೊ-ಸಾನ್ ಅವಳ ಮುಖವನ್ನೇ ನೋಡಿದರು. ಏನು ಕಂಡಿತೋ, ವಾಕಿಟಾಕಿಯ ಗುಂಡಿ ಒತ್ತಿದ ಅವರ ದನಿಯಲ್ಲಿ ತಾಲೀಮು ಎಂಬ ಮಾತು ಇರಲಿಲ್ಲ.

ಶಾಲೆಗೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯಲ್ಲಿ ಅವಳಿಗೆ ಎಲ್ಲವೂ ಬಿಡಿಸಿ ಹೇಳಿದಷ್ಟು ಸ್ಪಷ್ಟವಾಯಿತು. ತಲೆ ತಿರುಗಿ ದಾರಿ ತಪ್ಪಿದ ಮಾವನವರಿಗೆ ಶಾಲೆಯ ಬಾಗಿಲಲ್ಲಿ ತಾಲೀಮಿನ ಹಸಿರು ಅಂಗಿಯ ಸ್ವಯಂಸೇವಕರು ಎದುರಾಗಿದ್ದಾರೆ. ಹೆಸರು ಕೇಳಿದ್ದಾರೆ. ಅವಳು ಬಾಯಿಪಾಠ ಮಾಡಿಸಿದ ವಾಕ್ಯವನ್ನು ಅವರು ಹೇಳಿದ್ದಾರೆ. ಪಟ್ಟಿ ತೆಗೆದು ನೋಡಿದರೆ ಎಲ್ಲ ತಾಳೆಯಾಗಿದೆ: ಭಾರತದವರು, ಎಪ್ಪತ್ತರ ಆಚೆ, ಭಾಷೆ ಬಾರದು, ಮುಖ ಬೆವರಿದೆ, ಮಾತು ತೊದಲುತ್ತಿದೆ. ಎಷ್ಟು ಚೆನ್ನಾಗಿ ಅಭಿನಯಿಸುತ್ತಿದ್ದಾರೆ ಎಂದುಕೊಂಡಿದ್ದಾರೆ. ಮಲಗಿ ಎಂದು ಕೈ ತೋರಿಸಿದ್ದಾರೆ, ಮೂವತ್ತೆರಡು ವರ್ಷ ಸೀಟಿಗೆ ತಲೆಬಾಗಿದ ಡ್ರಿಲ್ ಮೇಷ್ಟ್ರು ಮಲಗಿದ್ದಾರೆ. ಕಪ್ಪು ಚೀಟಿಯವರ ಹತ್ತಿರ ಯಾರೂ ಹೋಗಬಾರದು. ಅವರು ನರಳಿದ್ದರೂ ಯಾರೂ ಹೋಗಿರಲಾರರು.

ಜಿಮ್ನಾಸಿಯಮ್ಮಿನೊಳಗೆ ನೀಲಿ ಹಾಸು ಹಾಸಿ ಮೂವತ್ತು ಜನ ಮಲಗಿದ್ದರು. ಹಸಿರು ಚೀಟಿಯವರು ಹರಟೆ ಹೊಡೆಯುತ್ತಿದ್ದರು. ಕೆಂಪು ಚೀಟಿಯೊಬ್ಬಾಕೆ ಕಳ್ಳತನದಲ್ಲಿ ಫೋನು ನೋಡುತ್ತಿದ್ದಳು. ಮಿಯಾಜಿ-ಸಾನ್ ಬಣ್ಣ ಕಳೆದುಕೊಂಡ ಮುಖದಲ್ಲಿ ಮೂಲೆಯ ಪರದೆ ಸರಿಸಿ ನಿಂತಿದ್ದಳು.

ಮಾವನವರು ನೆಟ್ಟಗೆ ಮಲಗಿದ್ದರು, ಎರಡು ಕೈ ಪಕ್ಕಕ್ಕೆ, ಷೂ ಜೋಡಿಸಿಟ್ಟಂತೆ. ಬಲ ಮಣಿಕಟ್ಟಿನಲ್ಲಿ ಕಪ್ಪು ಚೀಟಿ. ಬನಿಯನ್ನು ಹಿಂಡಿದರೆ ನೀರು ಬರುವಷ್ಟು ಒದ್ದೆ. ಕಣ್ಣು ಅರೆ ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಮುಟ್ಟಿದರೆ ಹಣೆ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಅವಳು ಮೂಗಿನ ಬಳಿ ಕೈಯ ಹಿಂಬದಿ ಹಿಡಿದಳು. ತಾಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಎಳೆಯಷ್ಟು ಉಸಿರು.

ಆ ಚೀಟಿ ಅವರ ಮೈಮೇಲೆ ಇರುವಷ್ಟು ಹೊತ್ತೂ ಪ್ರಾಣ ಹೋಗುತ್ತಲೇ ಇರುತ್ತದೆ ಎನ್ನಿಸಿತು ಅವಳಿಗೆ. ದಾರ ಬಿಚ್ಚಲು ಬೆರಳು ಬರಲಿಲ್ಲ. ಬಾಗಿ ಹಲ್ಲಿನಿಂದ ಕಡಿದು ಹರಿದಳು.

ಪ್ರದರ್ಶನಕ್ಕೆಂದು ಬಯಲಲ್ಲಿ ನಿಲ್ಲಿಸಿದ್ದ ಆಂಬುಲೆನ್ಸಿನವರು ಓಡಿ ಬಂದರು. ಮುಂದಿದ್ದವನು ಮಣಿಕಟ್ಟು ಹಿಡಿದು, ಗೊಂದಲದಿಂದ ತಲೆ ಎತ್ತಿ, “ಇದು ತಾಲೀಮಿನ ರಾಮಪ್ರಸಾದ-ಸಾನಾ?” ಎಂದ.

“ಇವರು ನನ್ನ ಮಾವ” ಎಂದಳು ಚಂದ್ರಪ್ರಭಾ. “ಬೆರಳು ಚುಚ್ಚಿ ನೋಡಿ.”

ಎಪ್ಪತ್ತರ ಕೆಳಗೆ ಇಳಿಯಬಾರದ ಸಕ್ಕರೆ ಯಂತ್ರದಲ್ಲಿ ಇಪ್ಪತ್ತೊಂಬತ್ತು ಎಂದು ಬಂತು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಫೋನಿನಲ್ಲಿ ಡಾಕ್ಟರೊಬ್ಬರ ಅಪ್ಪಣೆ ಪಡೆದು ಸೂಜಿ ಚುಚ್ಚಿದರು, ಸಕ್ಕರೆ ನೀರು ನರಕ್ಕೆ ಇಳಿಯಿತು. ಒಂದು ನಿಮಿಷ ಏನೂ ಆಗಲಿಲ್ಲ. ಎರಡು ನಿಮಿಷ. ಹಿಂದೆ ಮಲಗಿದ್ದ ಗಾಯಾಳುಗಳೆಲ್ಲ ಎದ್ದು ಕೂತು, ಕೈಯಲ್ಲಿ ಬಣ್ಣದ ಚೀಟಿ ತೂಗಾಡಿಸಿಕೊಂಡು ನೋಡುತ್ತಿದ್ದರು. ಅವಳು ಮಾವನ ಷೂ ಹಿಡಿದುಕೊಂಡಿದ್ದಳು. ಕಾಲು ಹಿಡಿಯಲು ಧೈರ್ಯ ಬರಲಿಲ್ಲ. ದೇವರ ಹೆಸರು ಹೇಳಿಕೊಳ್ಳೋಣವೆಂದರೆ ಬಾಯಿಗೆ ರಾಮ ಎಂದೇ ಬಂತು, ಅಲ್ಲಿಗೇ ನಿಲ್ಲಿಸಿದಳು. ಪೂರ್ತಿ ಹೇಳಿದರೆ ಮತ್ತೆ ಯಾವ ರಾಮಪ್ರಸಾದನಿಗೆ ಹೋಗಿ ಮುಟ್ಟುತ್ತದೋ ಎಂಬ ಭಯ.

ಮೂರನೆಯ ನಿಮಿಷಕ್ಕೆ ಮಾವನವರ ರೆಪ್ಪೆ ಅದುರಿತು. ಬಾಯಿ ಏನನ್ನೋ ಹುಡುಕಿತು. “ಸ್ಟ್ಯಾಂಡ್… ಅಟ್ ಈಸ್” ಎಂದರು, ತೀರಾ ಸಣ್ಣ ದನಿಯಲ್ಲಿ.

ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅವರು ದಿಂಬಿಗೆ ಒರಗಿ ಕೂತು, ಗಂಜಿಯ ಬಟ್ಟಲನ್ನು ಅನುಮಾನದಿಂದ ನೋಡುತ್ತಿದ್ದರು. ಅಮೂಲ್ಯ ಮಂಚದ ಮೇಲೆ ಹತ್ತಿ ತಾತನ ಮೈಗೆ ಅಂಟಿಕೊಂಡಿದ್ದಳು. ಗಿರಿಧರ್ ಒಸಾಕಾದಿಂದ ರೈಲು ಹತ್ತಿದ್ದ. ಆಗ ಕುಸಾನೊ-ಸಾನ್ ಮಿಯಾಜಿ-ಸಾನರನ್ನು ಕರೆದುಕೊಂಡು ಬಂದರು. ಇಬ್ಬರೂ ಬಾಗಿಲಲ್ಲೇ ಬಾಗಿ, ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಕುಸಾನೊ-ಸಾನ್ ರಾಮಪ್ರಸಾದ-ಸಾನ್ ಎಂದು ಹೆಸರು ಹಿಡಿದು ಮತ್ತೆ ಮತ್ತೆ ಕ್ಷಮೆ ಕೇಳಿದರು.

ಅವರು ಹೋದ ಮೇಲೆ ಮಾವನವರು ಕೇಳಿದರು: “ಏನಂತಮ್ಮ ಆ ಯಜಮಾನ್ರು? ನನ್ ಹೆಸ್ರು ಹತ್ತು ಸಲ ಹೇಳಿದ್ರು.”

ಏನಾದರೊಂದು ಹೇಳಿ ಮುಚ್ಚಿಬಿಡಬಹುದಿತ್ತು. ಅವರಿಗೆ ಭಾಷೆ ಬಾರದು, ಮಗುವಿಗೆ ಪೂರ್ತಿ ತಿಳಿಯದು. ಬೆಳಿಗ್ಗೆಯಿಂದ ಹೆದರಿದ್ದಕ್ಕಿಂತ ಹೆಚ್ಚು ಅವಳು ಆಗ ಹೆದರಿದಳು. ಆದರೂ ಕುರ್ಚಿ ಎಳೆದು ಕೂತು, ತಲೆ ತಗ್ಗಿಸಿ, ಜುಲೈನ ಮೇಜಿನಿಂದ ಹಿಡಿದು ಕಪ್ಪು ಚೀಟಿಯವರೆಗೆ ಒಂದನ್ನೂ ಬಿಡದೆ ಹೇಳಿದಳು.

ಮಾವನವರು ಕಿಟಕಿಯ ಕಡೆ ತಿರುಗಿದರು. ಕಿಟಕಿಯಾಚೆ ತೋಜಾಯ್ ಲೈನಿನ ರೈಲೊಂದು ಹೋಯಿತು, ಇನ್ನೊಂದು ಬಂತು.

“ಅವನಿಗೆ ಮನೇಲಿ ಯಾರ್ಯಾರು ಅಂತ ಬರ್ದಿದ್ದೆ?”

“ಯಾರೂ ಇಲ್ಲ ಅಂತ, ಮಾವ.”

ಅವರ ಕೈ ಅಮೂಲ್ಯಳ ತಲೆಯ ಮೇಲಿತ್ತು, ಅಲ್ಲೇ ನಿಂತಿತು. ಚಂದ್ರಪ್ರಭಾ ಸೆರಗಿಲ್ಲದ ಜಾಗದಲ್ಲಿ ಸೆರಗು ಹುಡುಕಿ, ಕಡೆಗೆ ಜಾಕೆಟ್ಟಿನ ತೋಳನ್ನೇ ಬಾಯಿಗೆ ಒತ್ತಿಕೊಂಡಳು.

“ವಯಸ್ಸು?”

“ಎಪ್ಪತ್ತೊಂದು. ನಿಮ್ಮ ಪಾಸ್‌ಪೋರ್ಟಲ್ಲಿ ಇದ್ದದ್ದು.”

“ಹ್ಞೂಂ” ಎಂದರು. “ಪಾಸ್‌ಪೋರ್ಟಲ್ಲಿ ಇರೋದು ನಮ್ ಮೇಷ್ಟ್ರು ಸ್ಕೂಲಿಗೆ ಸೇರಿಸ್ಕೊಳ್ವಾಗ ಬರ್ಕೊಂಡ ತಾರೀಖು. ನಮ್ಮಮ್ಮ ಹೇಳ್ತಿದ್ದ ಲೆಕ್ಕಕ್ಕೆ ನಂಗೆ ಎಪ್ಪತ್ಮೂರು ತುಂಬಿದೆ. ನೀ ಬರ್ದಿದ್ದು ಆ ಸ್ಕೂಲ್ ರಿಜಿಸ್ಟರಿನ ರಾಮಪ್ರಸಾದಂಗೆ ಕಣಮ್ಮ. ಅವನು ಯಾವತ್ತೂ ಇರ್ಲಿಲ್ಲ.”

ಹೇಳಿ ಗಂಜಿಯ ಚಮಚ ಎತ್ತಿಕೊಂಡರು. ಚಮಚ ಬಟ್ಟಲಿನ ಅಂಚಿಗೆ ತಾಗಿ ಟಕಟಕನೆ ಸದ್ದು ಮಾಡಿತು. ಅವರ ಕೈ ಇನ್ನೂ ನಡುಗುತ್ತಿತ್ತು. ಚಂದ್ರಪ್ರಭಾ ಎದ್ದು ಬಟ್ಟಲನ್ನು ಹಿಡಿದುಕೊಂಡಳು. ಅವಳ ಕೈಯೂ ನಡುಗುತ್ತಿದ್ದುದರಿಂದ ಸದ್ದು ನಿಲ್ಲಲಿಲ್ಲ. ಹಾಗೆಯೇ ಒಂದೊಂದು ಚಮಚ ಗಂಜಿ ಒಳಗೆ ಹೋಯಿತು.